ಕಪ್ಪುಹಲಗೆಯ ಮೇಲಿನ ಎರಡು ಗೆರೆಗಳು

ಪದವಿಯ ಎರಡನೆಯ ವರ್ಷದಲ್ಲಿ ನಮಗೆ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದ ಗುರುಗಳು ಒಂದು ಬೆಳಿಗ್ಗೆ ಕಪ್ಪುಹಲಗೆಯ ಮೇಲೆ ವೃತ್ತವೊಂದನ್ನು ಬರೆದು, ಅದರೊಳಗೆ ಸೀಮೆಸುಣ್ಣದಿಂದ ನೆಟ್ಟನೆಯ ಗೆರೆ ಎಳೆದರು. ವೃತ್ತವು ಮಿದುಳಿನ ಹೊರಪದರದಲ್ಲಿ ನೋಟವನ್ನು ಅರಿಯುವ ಭಾಗವಾದ ದೃಷ್ಟಿ ಕಾರ್ಟೆಕ್ಸಿನ ಒಂದು ನರಕೋಶದ ಗ್ರಾಹಕ ಕ್ಷೇತ್ರ, ಅಂದರೆ ನೋಟದ ಹರವಿನಲ್ಲಿ ಆ ಕೋಶದ ಪಾಲಿಗೆ ಬಂದ ತುಣುಕು. ಈ ಗೆರೆಗೆ ಅದು ಸೆಕೆಂಡಿಗೆ 60 ಸಲ ಮಿಡಿಯುತ್ತದೆ, ಅಂದರೆ ವಿದ್ಯುತ್ ಸಂಕೇತ ಹೊಮ್ಮಿಸುತ್ತದೆ, ಎಂದುಕೊಳ್ಳಿ ಎಂದರು. ಗೆರೆಯನ್ನು ಅಳಿಸಿ ಅಡ್ಡಗೆರೆ ಎಳೆದು, ಇದಕ್ಕೆ 10 ಎಂದರು. ಬಳಿಕ ಎರಡನ್ನೂ ಒಟ್ಟಿಗೆ ಎಳೆದು, "ಈಗ ಎಷ್ಟು?" ಎಂದು ಕೇಳಿದರು. ತರಗತಿಯೆಲ್ಲ 70 ಎಂದಿತು. ಅವರು ಏನೂ ಹೇಳದೆ 40 ಎಂದು ಬರೆದರು.

ಆ 40 ನನ್ನನ್ನು ಬಹಳ ದಿನ ಕಾಡಿತು. ಒಂದೊಂದು ಕೋಶಕ್ಕೂ ತನಗೊಪ್ಪುವ ಕೋನದ ಗೆರೆಯೊಂದಿದೆ ಎಂದು ಹ್ಯೂಬೆಲ್ ಮತ್ತು ವೀಸೆಲ್ 1959ರಲ್ಲಿ ಬೆಕ್ಕಿನ ಮಿದುಳಿನಲ್ಲಿ ತೋರಿಸಿದ್ದನ್ನು ನಾವು ಬಾಯಿಪಾಠ ಮಾಡಿದ್ದೆವು. ಆದರೆ ಕಣ್ಣೆದುರಿನ ಲೋಕದಲ್ಲಿ ಗೆರೆ ಒಂಟಿಯಾಗಿ ಎಲ್ಲಿ ಸಿಗುತ್ತದೆ? ತಾನಾಗಿ ಕೋಶವನ್ನು ಅಷ್ಟಾಗಿ ಎಚ್ಚರಿಸದ ಅಡ್ಡಗೆರೆಯು ಜೊತೆಗೆ ಬಂದಾಗ ನೆಟ್ಟಗೆರೆಯ ಸ್ಪಂದನವನ್ನೂ ಕುಗ್ಗಿಸುವುದೇಕೆ ಎಂಬುದಕ್ಕೆ ಗುರುಗಳು ಡೇವಿಡ್ ಹೀಗರ್ 1992ರಲ್ಲಿ ಮಂಡಿಸಿದ ಮಾದರಿಯನ್ನು ವಿವರಿಸಿದರು: ಕೋಶಕ್ಕೆ ಬರುವ ಪ್ರಚೋದನೆಯನ್ನು ಸುತ್ತಲಿನ ಕೋಶಗಳ ಒಟ್ಟು ಚಟುವಟಿಕೆಯಿಂದ ಭಾಗಿಸಿದಂತೆ ಅದರ ಸ್ಪಂದನ ಇರುತ್ತದೆ. ಅಡ್ಡಗೆರೆಯು ಅಂಶವನ್ನು ಚೂರು ಹೆಚ್ಚಿಸಿದರೆ, ಅದನ್ನು ಮೆಚ್ಚುವ ನೆರೆಯ ಕೋಶಗಳನ್ನೆಲ್ಲ ಎಬ್ಬಿಸಿ ಛೇದವನ್ನು ಬಹಳವೇ ಹಿಗ್ಗಿಸುತ್ತದೆ. ಮಿಡಿಯುವ ವೇಗಕ್ಕೆ ಮಿತಿಯಿರುವ ಕೋಶವು ಮಸುಕಾದ ಚಿತ್ರದಲ್ಲೂ ಢಾಳಾದ ಚಿತ್ರದಲ್ಲೂ ಕೆಲಸ ಮಾಡಬೇಕಾದರೆ ಇಂಥ ಭಾಗಾಕಾರ ಅಗತ್ಯವೆಂದು ನನಗೆ ಈಗಲೂ ಅನ್ನಿಸುತ್ತದೆ. ಸೂತ್ರ ಹೊಂದಿದ ಮಾತ್ರಕ್ಕೆ ಅದನ್ನು ನಡೆಸುವ ನರಜಾಲ ಯಾವುದೆಂದು ತಿಳಿದಂತಾಗುವುದಿಲ್ಲ; ಈ ಕುಗ್ಗುವಿಕೆಯ ದೊಡ್ಡ ಪಾಲು ಕಾರ್ಟೆಕ್ಸಿಗೆ ಮೊದಲೇ, ಕಣ್ಣಿನ ಸಂಕೇತಗಳನ್ನು ಅಲ್ಲಿಗೆ ದಾಟಿಸುವ ಥ್ಯಾಲಮಸ್ಸಿನ ಕೋಶಗಳ ಮಿತಿಯಿಂದಲೇ ಬರಬಹುದೆಂದು ಪ್ರೀಬ್ ಮತ್ತು ಫರ್ಸ್ಟರ್ 2006ರಲ್ಲಿ ವಾದಿಸಿದ್ದಾರೆ.

ಪಾಠದ ಕೊನೆಯ ಹತ್ತು ನಿಮಿಷ ನನಗೆ ಅತ್ಯಂತ ಪ್ರಿಯವಾದದ್ದು. ಗುರುಗಳು ವೃತ್ತವನ್ನು ದೊಡ್ಡದು ಮಾಡಿ, ಇದನ್ನು ದೃಷ್ಟಿ ಕಾರ್ಟೆಕ್ಸಿನಲ್ಲೇ ವಿ4 ಎಂಬ ಮುಂದಿನ ಹಂತದ ಕೋಶದ್ದೆಂದು ಭಾವಿಸಿ ಎಂದರು. ಮೊರಾನ್ ಮತ್ತು ಡೆಸಿಮೋನ್ 1985ರಲ್ಲಿ ಕೋತಿಗಳಿಗೆ ಇಂಥ ಒಂದೇ ಕ್ಷೇತ್ರದೊಳಗೆ ಎರಡು ಪ್ರಚೋದನೆಗಳನ್ನು ತೋರಿಸಿ, ಕಣ್ಣು ಕದಲಿಸದೆ ಒಂದರ ಮೇಲೆ ಮಾತ್ರ ಗಮನವಿಡುವಂತೆ ಪಳಗಿಸಿದ್ದರು. ಗುರುಗಳು ನೆಟ್ಟಗೆರೆಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಎರಡು ಸಲ ಕುಟ್ಟಿ, "ಗಮನ ಇಲ್ಲಿ" ಎಂದು, 40ನ್ನು ಅಂಗೈಯಿಂದ ಒರೆಸಿ 60ರ ಹತ್ತಿರದ ಸಂಖ್ಯೆ ಬರೆದರು. ಆಮೇಲೆ ಅಡ್ಡಗೆರೆಯ ಪಕ್ಕದಲ್ಲಿ ಕುಟ್ಟಿ, ಅದನ್ನೂ ಒರೆಸಿ 10ರ ಹತ್ತಿರಕ್ಕೆ ಇಳಿಸಿದರು. ಹಲಗೆಯ ಮೇಲಿನ ಎರಡು ಗೆರೆಗಳನ್ನು ಮಾತ್ರ ಅವರು ಮುಟ್ಟಿರಲಿಲ್ಲ.