ಸ್ಟಿರಾಯ್ಡ್ ತಗೊಳ್ತಿರುವವರ ಕಾಲು ಮತ್ತೆ ಸೋತರೆ ವಾಚ್ ನೋಡಿ

ನಾನು ಕುಮಟಾದಲ್ಲಿ ಫಿಸಿಯೋಥೆರಪಿಸ್ಟ್. ಮಂಡಿ, ಸೊಂಟ, ಲಕ್ವ ಇವೇ ಜಾಸ್ತಿ. ಸಾರ್ಕಾಯ್ಡೋಸಿಸ್ ಅಂದರೆ ಮೈಯೊಳಗೆ ಅಲ್ಲಲ್ಲಿ ಉರಿಯೂತದ ಸಣ್ಣ ಗಂಟು ಕಟ್ಟುವ ಕಾಯಿಲೆ. ಅದು ಸ್ನಾಯುವಿಗೆ ಬಂದದ್ದು ನಮ್ಮಂಥವರ ಕೈಗೆ ಸಿಗುವುದೇ ಅಪರೂಪ.

ಬಂದವರು ಮೀನು ಮಾರುವ ಹೆಂಗಸು, ಐವತ್ತು ದಾಟಿದವರು. ನೋವು ಅಂತ ಏನೂ ಇಲ್ಲ. ಕೈಹಿಡಿತ ಗಟ್ಟಿ. ಆದರೆ ಬುಟ್ಟಿ ತಲೆಗೇರಿಸಲು ಆಗುತ್ತಿರಲಿಲ್ಲ, ಮಾರ್ಕೆಟ್‌ನಲ್ಲಿ ಮಣೆಯಿಂದ ಏಳಬೇಕಾದರೆ ಎರಡೂ ಕೈ ತೊಡೆಗೆ ಊರಿ, ಮೈ ಮುಂದೆ ಬಗ್ಗಿಸಿ, ಒಂದು ಸಲ ಉಸಿರು ಬಿಟ್ಟು ಏಳುತ್ತಿದ್ದರು. ವಯಸ್ಸಾಯ್ತಲ್ವಾ ಅಂತ ಮನೆಯವರು ಸುಮ್ನಿದ್ದರು. ಭುಜ, ಸೊಂಟದ ಸುತ್ತ ಮಾತ್ರ ಬಲ ಹೋಗಿದ್ದರೆ ಸ್ನಾಯುವಿನ ಕಾಯಿಲೆ ಇರಬಹುದು ಅಂತ ಬರೆದು ಡಾಕ್ಟರ್ ಹತ್ತಿರ ಕಳಿಸಿದೆ.

ರಕ್ತದಲ್ಲಿ ಸಿಕೆ (ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ) ನಾರ್ಮಲ್ ಬಂತು. ಈ ಕಾಯಿಲೆಯ ನಿಧಾನವಾಗಿ ಹೆಚ್ಚುವ ಬಗೆಯಲ್ಲಿ ಹಾಗಾಗುವುದುಂಟು, ಅಷ್ಟಕ್ಕೇ ಕೈಬಿಡಬಾರದು. ಎದೆಯ ಎಕ್ಸ್‌ರೇಯಲ್ಲಿ ಗ್ರಂಥಿ ಊದಿದ್ದವು. ನಮ್ಮ ದೇಶದಲ್ಲಿ ಮೊದಲು ಟಿಬಿ ಅನುಮಾನವೇ ಬರಬೇಕು, ಬಂತು ಕೂಡ. ಘಟ್ಟ ಹತ್ತದೆ ಮಣಿಪಾಲದ ಕಡೆ ಹೋದರು. ಎಂಆರ್‌ಐ ನೋಡಿ ತೊಡೆಯ ಸ್ನಾಯುವಿನ ಚೂರು ಪರೀಕ್ಷೆಗೆ ತೆಗೆದರು. ಗ್ರಾನುಲೋಮಾ, ಅಂದರೆ ಆ ಉರಿಯೂತದ ಗಂಟು, ಇತ್ತು, ಟಿಬಿಯಲ್ಲಿ ಸಾಮಾನ್ಯವಾಗಿ ಆಗುವಂತೆ ಒಳಗೆ ಕೊಳೆತಿರಲಿಲ್ಲ, ಟಿಬಿ ಪರೀಕ್ಷೆಗಳಲ್ಲೂ ಏನೂ ಸಿಗಲಿಲ್ಲ. ಹಾಗಾಗಿ ಸಾರ್ಕಾಯ್ಡೋಸಿಸ್ ಅಂತಾಯಿತು.

ಪ್ರೆಡ್ನಿಸೋಲೋನ್ ಅನ್ನುವ ಸ್ಟಿರಾಯ್ಡ್ ಶುರುವಾಯಿತು. ಚೇತರಿಸಿಕೊಂಡರು. ಕೆಲವು ವಾರ ಬಿಟ್ಟು ಮತ್ತೆ ಏಳಲು ಕಷ್ಟ. ನನ್ನ ಕೆಲಸದ ಪಾಠ ಇರುವುದು ಇಲ್ಲೇ. ಕಾಯಿಲೆ ಮರುಕಳಿಸಿದರೂ ತೊಡೆ ಸೋಲುತ್ತದೆ, ಜಾಸ್ತಿ ಡೋಸಿನ ಸ್ಟಿರಾಯ್ಡಿನಿಂದಲೂ ತೊಡೆ ಸೋಲುತ್ತದೆ. ಮೊದಲನೆಯದಕ್ಕೆ ಔಷಧ ಏರಿಸಬೇಕು, ಎರಡನೆಯದಕ್ಕೆ ಇಳಿಸಬೇಕು. ಸಿಕೆ ಮೊದಲಿಂದಲೂ ನಾರ್ಮಲ್ ಇದ್ದವರಲ್ಲಿ ಅದನ್ನು ನೋಡಿ ಏನು ಹೇಳುತ್ತೀರಿ?

ಹಾಗಾಗಿ ಪ್ರತಿ ಭೇಟಿಯಲ್ಲೂ ಅದೇ ಕುರ್ಚಿ, ಕೈ ಎದೆಗೆ ಕಟ್ಟಿ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡು ಅಂತ ಬರೆಯುತ್ತೇನೆ. ಪಕ್ಕದಲ್ಲೇ ಆ ದಿನದ ಸ್ಟಿರಾಯ್ಡ್ ಡೋಸ್. ಆ ಚೀಟಿ ನೋಡಿ, ಬೇರೆ ಪರೀಕ್ಷೆಯನ್ನೂ ನೋಡಿ, ಡಾಕ್ಟರ್ ಸ್ಟಿರಾಯ್ಡ್ ನಿಧಾನವಾಗಿ ಇಳಿಸಿ, ಸ್ಟಿರಾಯ್ಡ್ ಅಲ್ಲದೆ ಉರಿಯೂತ ಹಿಡಿದಿಡುವ ಮೆಥೊಟ್ರೆಕ್ಸೇಟ್ ಸೇರಿಸಿದರು. ಡೋಸ್ ಇಳಿದಂತೆ ಸೆಕೆಂಡೂ ಇಳಿಯಿತು. 'ಬಲ ಪರವಾಗಿಲ್ಲ' ಅಂತ ಬರೆದಿದ್ದರೆ ಯಾರಿಗೂ ಉಪಯೋಗ ಇರುತ್ತಿರಲಿಲ್ಲ.

ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ, ದಿನಾ ನುಂಗಿದರೆ ಜೀವಕ್ಕೇ ಅಪಾಯ. ವಾರದ ಯಾವ ದಿನ ಅಂತ ರೋಗಿಯ ಬಾಯಲ್ಲೇ ಹೇಳಿಸಿ. ಮೂಳೆಗೆ ಒಳ್ಳೆಯದು ಅಂತ ವಿಟಮಿನ್ ಡಿ, ಕ್ಯಾಲ್ಸಿಯಂ ಮಾತ್ರೆ ನೀವೇ ಹೇಳಬೇಡಿ, ಈ ಕಾಯಿಲೆಯಲ್ಲಿ ರಕ್ತದ ಕ್ಯಾಲ್ಸಿಯಂ ತಾನಾಗಿ ಏರಬಹುದು, ಡಾಕ್ಟರ್ ಪರೀಕ್ಷೆ ಮಾಡಿಸಿಯೇ ಕೊಡಬೇಕು. ಮಲಗಿದಾಗ ಏದುಸಿರು ಅಂದರೆ ಅವತ್ತು ವ್ಯಾಯಾಮ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಉಸಿರಾಟದ ಸ್ನಾಯುವೂ ಸ್ನಾಯುವೇ.