ಮೊದಲು ಬಾಯಿಬಿಟ್ಟವರಿಗೆ ರಿಯಾಯಿತಿ

ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂ ತರಗತಿಯಲ್ಲಿ ನಮಗೆ, ಮಾರುಕಟ್ಟೆಯ ಪೈಪೋಟಿಯನ್ನು ಕಾಯುವ ಸ್ಪರ್ಧಾ ಕಾನೂನನ್ನು ಕಲಿಸಿದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗ ನನಗೆ ಮೊದಲು ನೆನಪಾದದ್ದು 2002ರ ಸ್ಪರ್ಧಾ ಅಧಿನಿಯಮದ 46ನೆಯ ಕಲಂ. ಕಾರ್ಟೆಲ್, ಅಂದರೆ ಪೈಪೋಟಿ ತಪ್ಪಿಸಲು ವ್ಯಾಪಾರಿಗಳು ಮಾಡಿಕೊಳ್ಳುವ ಒಳಒಪ್ಪಂದದ ಕೂಟ, ಕಟ್ಟಿಕೊಂಡವರಲ್ಲಿ ಮೊದಲು ಬಂದು ಮಹತ್ವದ ಮಾಹಿತಿಯೊಡನೆ ನಿಜ ಹೇಳಿದವರಿಗೆ ದಂಡದಲ್ಲಿ ಪೂರ್ತಿ ವಿನಾಯಿತಿಯೂ ಸಿಗಬಹುದು. ಆಗಿನ 2009ರ ನಿಯಮಾವಳಿಯಂತೆ ಎರಡನೆಯವರಿಗೆ ಶೇ. 50ರವರೆಗೆ, ಮೂರನೆಯವರಿಗೆ ಶೇ. 30ರವರೆಗೆ ಸಿಗುತ್ತಿತ್ತು.

ಸೆಮಿನಾರ್ ಪ್ರಬಂಧವನ್ನು ಯಾರೂ ಗಡುವಿನೊಳಗೆ ಒಪ್ಪಿಸಕೂಡದೆಂದು ನಾವೆಲ್ಲ ಗುಟ್ಟಾಗಿ ಮಾತನಾಡಿಕೊಂಡಿದ್ದೆವು. ಉಪಾಯ ನನ್ನದು, ಯೋಜನೆಯಾಗಿ ಅದರಲ್ಲಿ ಲೋಪವಿರಲಿಲ್ಲವೆಂದೇ ಈಗಲೂ ನನ್ನ ಅಭಿಪ್ರಾಯ. ಬರಿಗೈಯಲ್ಲಿ ಕುಳಿತಿದ್ದ ತರಗತಿಯನ್ನು ಕಂಡು ಮೇಷ್ಟ್ರು ಗದರಲಿಲ್ಲ. ಕಾಯ್ದೆಯ ದೃಷ್ಟಿಯಲ್ಲಿ ಒಪ್ಪಂದವೆನ್ನಿಸಿಕೊಳ್ಳಲು ಬರಹವೇ ಬೇಕಿಲ್ಲ, ಒಳತಿಳಿವಳಿಕೆಯೂ ಸಾಕೆಂದು ವಿವರಿಸಿ, ಸಂಜೆಯೊಳಗೆ ಗುಟ್ಟನ್ನು ಒಪ್ಪಿಕೊಂಡು ಮೊದಲು ಚೀಟಿ ಬರೆದುಕೊಟ್ಟವರ ಅಂಕಗಳನ್ನು ಮುಟ್ಟುವುದಿಲ್ಲವೆಂದು ಹೇಳಿ ಹೊರಟುಹೋದರು. ಮೊದಲ ಚೀಟಿ ಬಂದದ್ದು ನನ್ನ ಯೋಜನೆಗೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದ್ದ ಗೆಳೆಯನಿಂದ. ಮರುದಿನ ಆ ಚೀಟಿಗಳನ್ನೇ ಮುಂದಿಟ್ಟುಕೊಂಡು, ಪರಸ್ಪರ ಅನುಮಾನವೇ ಕಾರ್ಟೆಲನ್ನು ಒಳಗಿನಿಂದ ಹೇಗೆ ಒಡೆಯುತ್ತದೆಂದು ಅವರು ಮಾಡಿದ ಪಾಠದ ಮುಂದೆ ಉಳಿದ ಪಠ್ಯಕ್ರಮವೆಲ್ಲ ನನಗೆ ಮಸುಕಾಗಿದೆ. ಕಂಪನಿ ದೊಡ್ಡದಾಗಿರುವುದು ಅಪರಾಧವಲ್ಲ, ಪ್ರಬಲ ಸ್ಥಾನದ ದುರ್ಬಳಕೆಯನ್ನಷ್ಟೇ 4ನೆಯ ಕಲಂ ನಿಷೇಧಿಸುತ್ತದೆ ಎಂಬುದು ಮಾತ್ರ ಉಳಿದಿದೆ, ಅದನ್ನು ಅವರು ಬೇಸರ ಬರುವಷ್ಟು ಸಲ ಹೇಳುತ್ತಿದ್ದ ಕಾರಣಕ್ಕೆ.

ಗ್ರಾಹಕ ಕಾನೂನಿನ ಮೇಡಂ ಅವರ ದಾರಿ ಬೇರೆ. ವೈದ್ಯಕೀಯ ಸೇವೆಯನ್ನು 1986ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ವ್ಯಾಪ್ತಿಗೆ ತಂದ 1995ರ ವಿ.ಪಿ. ಶಾಂತಾ ತೀರ್ಪನ್ನು ಮೊದಲ ಪುಟದಿಂದ ಕೊನೆಯವರೆಗೆ ಓದದೆ ಬಂದವರಿಗೆ ಅವರ ತರಗತಿಯಲ್ಲಿ ಉಳಿಗಾಲವಿರಲಿಲ್ಲ. ಬಿಡಿಗಾಸೂ ಕೊಡದ ರೋಗಿ ಗ್ರಾಹಕನೇ ಎಂದು ಕೇಳುತ್ತಿದ್ದರು. ಆಸ್ಪತ್ರೆ ಎಲ್ಲರಿಗೂ ಉಚಿತವಾದರೆ ಅಲ್ಲ. ಕೆಲವರಿಂದ ಶುಲ್ಕ ಪಡೆದು ಬಡವರಿಗೆ ಬಿಟ್ಟಿದ್ದರೆ ಆ ಬಡವನೂ ಗ್ರಾಹಕನೇ. ಈ ವ್ಯತ್ಯಾಸವನ್ನು ನಮ್ಮ ಬಾಯಿಂದಲೇ ಹೊರಡಿಸುವವರೆಗೆ ಅವರು ಮುಂದಿನ ಸಾಲಿಗೆ ಹೋಗುತ್ತಿರಲಿಲ್ಲ.

ಇಂದು ನನ್ನ ಕಚೇರಿಗೆ ಬರುವ ಕಿರಿಯ ವಕೀಲರು ಜಾಣರೇ, ಸಂದೇಹವಿಲ್ಲ. ಆದರೆ ತೀರ್ಪೆಂದರೆ ಅವರಿಗೆ ಮೊಬೈಲಿನಲ್ಲಿ ಸಿಗುವ ನಾಲ್ಕು ಸಾಲಿನ ಸಾರಾಂಶ. 2019ರ ಹೊಸ ಗ್ರಾಹಕ ಸಂರಕ್ಷಣಾ ಅಧಿನಿಯಮದಲ್ಲಿಯೂ ‘ವಾಣಿಜ್ಯ ಉದ್ದೇಶ’ಕ್ಕೆ ಕೊಂಡವರು ಗ್ರಾಹಕರಲ್ಲ, ಸ್ವಯಂ ಉದ್ಯೋಗದಿಂದ ಹೊಟ್ಟೆಹೊರೆಯಲಷ್ಟೇ ಕೊಂಡು ಬಳಸಿದವರು ಗ್ರಾಹಕರೇ ಎಂಬ ವಿವರಣೆಯನ್ನು ಅವರ ಮುಂದೆ ನಾನೇ ಓದಬೇಕಾಗುತ್ತದೆ, ಗ್ರಾಹಕ ಆಯೋಗದಲ್ಲಿ ಎದುರಾಳಿ ವಕೀಲರು ಎಡವುವುದೂ ಬಹುಮಟ್ಟಿಗೆ ಅಲ್ಲಿಯೇ, ನನಗೆ ಗೆಲುವು ಸಿಕ್ಕಿರುವುದೂ ಅಲ್ಲಿಯೇ.