ಬಿಜಲಿಗೆ ಬಂದ ಸಂಬಂಧ

ಹೋದ ತಿಂಗಳು ನಮ್ಮ ಬಿಜಲಿಗೆ ಒಂದು ಸಂಬಂಧ ಬಂತು. ಗಂಡಿನ ಕಡೆಯವರು ಹಡಪಸರದವರು. "ನಮ್ಮದೂ ಕಾರವಾನ್, ಶೋದಲ್ಲಿ ಕಪ್ ಗೆದ್ದಿದೆ" ಅಂತ ಫೋಟೋ ತೋರಿಸಿದರು. ನಾವು ಮುಧೋಳ ನಾಯಿ ಅನ್ನೋದನ್ನೇ ಇಲ್ಲಿ ಪುಣೆಯಲ್ಲಿ ಕಾರವಾನ್ ಅಂತಾರೆ. ಗಂಡು ಚೆಂದವೇ ಇತ್ತು. ಉದ್ದ ಮೂತಿ, ಒಳಗೆ ಸೇರಿದ ಹೊಟ್ಟೆ, ಪಕ್ಕೆಲುಬು ಎಣಿಸಬಹುದು. (ಬಿಜಲಿಯ ಪಕ್ಕೆಲುಬು ನೋಡಿ ನಮ್ಮ ಸೊಸೈಟಿಯ ಆಂಟಿಯೊಬ್ಬರು "ಊಟ ಹಾಕಲ್ವಾ?" ಅಂತ ಕೇಳ್ತಾನೇ ಇರ್ತಾರೆ.)

ಜಮಖಂಡಿ ಹತ್ತಿರ ಊರಲ್ಲಿರುವ ಕಾಕಾಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ. "ಕಪ್ ಇರ್ಲಿ ಬಿಡಪಾ, ಓಡ್ತದೇನು?"

ಅವರ ಅಪ್ಪನ ಕಾಲದಲ್ಲಿ ಮೊಲ ಹಿಡಿಯದ ಗಂಡಿಗೆ ಹೆಣ್ಣು ಬಿಡುತ್ತಿರಲಿಲ್ಲವಂತೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅಪರಾಧ. ಅದು ಸರಿಯೇ. ಆದರೆ ಬೇಟೆಯ ಜೊತೆ ಪರೀಕ್ಷೆಯೂ ಹೋಯ್ತು, ಉಳಿದದ್ದು ಕಪ್ ಮಾತ್ರ. ಜರ್ಮನಿಯಲ್ಲಿ ಡ್ರಾಟ್‌ಹಾರ್ ಅನ್ನೋ ಬೇಟೆ ನಾಯಿ ವಾಸನೆ ಹಿಡಿಯೋದು, ನೀರಿಗಿಳಿಯೋದು, ಬಿದ್ದ ಹಕ್ಕಿ ತರೋದು ಇವನ್ನೆಲ್ಲ ಮಾಡಿ ತೋರಿಸದೆ ಮರಿ ಹಾಕಿಸಲು ಅದರ ಕ್ಲಬ್ ಒಪ್ಪೋದಿಲ್ಲ.

ನಾವೂ ಒಂದು ಪರೀಕ್ಷೆ ಮಾಡಿಕೊಂಡೆವು. ಸಾಸವಡದ ಕಡೆ ಒಂದು ಬೀಳು ಹೊಲ. ಹಳೇ ಸೈಕಲ್ ತಲೆಕೆಳಗೆ ನಿಲ್ಲಿಸಿ, ಹಿಂದಿನ ಟೈರ್ ಬಿಚ್ಚಿ, ಬರೀ ರಿಮ್ಮಿಗೆ ನೈಲಾನ್ ದಾರ ಕಟ್ಟಿದೆ. ಇನ್ನೂರು ಮೀಟರ್ ಆಚೆ ದಾರದ ತುದಿಗೆ ನಾಲ್ಕು ಖಾಲಿ ಹಾಲಿನ ಪ್ಯಾಕೆಟ್. ಕೈಯಲ್ಲಿ ಪೆಡಲ್ ತಿರುಗಿಸಿದರೆ ಪ್ಯಾಕೆಟ್ಟು ಪರಪರ ಅಂತ ಹಾರಿಕೊಂಡು ಬರುತ್ತೆ.

ಗಂಡು ಐವತ್ತು ಹೆಜ್ಜೆ ಓಡಿತು. ಆಮೇಲೆ ಒಂದು ಜಾಲಿ ಗಿಡ ಕಂಡು ಕಾಲೆತ್ತಿತು. "ಬಿಸಿಲು ಜಾಸ್ತಿ" ಅಂದರು ಮಾಲೀಕರು. ಬೆಳಗ್ಗೆ ಏಳು ಗಂಟೆ ಆಗಿತ್ತು.

ಬಿಜಲಿಯನ್ನು ಬಿಟ್ಟೆ. ಕಿವಿ ಹಿಂದಕ್ಕೆ ಅಂಟಿತು, ಬೆನ್ನು ಬಿಲ್ಲಿನಂತೆ ಬಾಗಿತು, ನಾಲ್ಕೂ ಕಾಲು ನೆಲ ಬಿಟ್ಟವು. ಪ್ಯಾಕೆಟ್ ನನ್ನ ಹತ್ತಿರ ಬರುವ ಮೊದಲೇ ಅವಳ ಬಾಯಲ್ಲಿತ್ತು. "ಓಡಿದ ಮ್ಯಾಲ ಉಸಿರು ನೋಡು" ಅಂದಿದ್ದರು ಕಾಕಾ. ನಾನು ದಾರ ಸುತ್ತಿ ಮುಗಿಸುವಷ್ಟರಲ್ಲಿ ಅವಳ ಏದುಸಿರು ಇಳಿದಿತ್ತು.

ಸಂಬಂಧ ಬೇಡ ಅಂದೆ. ಬೀಗುತ್ತಾ ಕಾಕಾಗೆ ಸುದ್ದಿ ಕೊಟ್ಟೆ.

"ಛಲೋ ಆತು. ಸಪ್ಪಳಕ್ಕ ಅಂಜ್ತದೇನು?"

ಸುಮ್ನೆ ಸುಳ್ಳು ಹೇಳಬಹುದಿತ್ತು. ಹೋದ ಗಣಪತಿಯಲ್ಲಿ ಢೋಲ್ ತಾಶಾ ಶುರುವಾದದ್ದೇ ಅವಳು ಬಚ್ಚಲಲ್ಲಿ ಬಕೆಟ್ ಹಿಂದೆ ಸೇರಿದ್ದಳು. ಎರಡು ದಿನ ಅನ್ನ ಮುಟ್ಟಲಿಲ್ಲ. ಹೊರಗೆ ಎಳೆಯಲು ಹೋದ ನನ್ನ ಕೈಗೇ ಹಲ್ಲು ಹಾಕಿದ್ದಳು. ನಾನು ಅದನ್ನು ಪುಣೆಯ ತಪ್ಪು ಅಂದುಕೊಂಡು ಮರೆತಿದ್ದೆ. ಅವಳ ತಾಯಿಯೂ ಪಟಾಕಿಗೆ ಹಾಗೇ ನಡುಗುತ್ತಿತ್ತು ಅನ್ನೋದು ಕಾಕಾಗೆ ಗೊತ್ತಿತ್ತು.

"ಹಂಗಿದ್ರ ಮರಿ ಬ್ಯಾಡಪಾ" ಅಂದರು.

ಏಳು ಜನಕ್ಕೆ ಮರಿ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ಆರು ಜನಕ್ಕೆ ಹೇಳಿಯಾಗಿದೆ. ಉಳಿದವರು ನಮ್ಮ ಅತ್ತೆ.